ಮೂರು ಸೆಲ್ಲು, ಒಂದೇ ಬಣ್ಣ

ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯಲ್ಲಿ, ಟ್ರ್ಯಾಕ್ಟರ್ ಸಾಮಾನಿನ ಅಂಗಡಿಗಳ ಸಾಲು ಮುಗಿಯುವ ಕಡೆ, ಬಂದೇಸಾಬನ ಪಂಪು ರಿಪೇರಿ ಅಂಗಡಿ ಇದೆ. ಪಂಪು ಎಂದರೆ ಬಾವಿಯಿಂದ ನೀರೆತ್ತುವ ಪಂಪಲ್ಲ. ಬೆಳೆಗೆ ಔಷಧ ಹೊಡೆಯಲು ಬೆನ್ನಿಗೆ ಕಟ್ಟಿಕೊಳ್ಳುವ ಬ್ಯಾಟರಿ ಪಂಪು. ಈ ಸೀಮೆಯಲ್ಲಿ ಭತ್ತ ಇರುವ ಮನೆಯಲ್ಲೆಲ್ಲ ಅದು ಇರುತ್ತದೆ, ಮತ್ತು ಹೆಚ್ಚಿನ ಮನೆಗಳಲ್ಲಿ ಕೆಟ್ಟೇ ಇರುತ್ತದೆ. ಅಂಗಡಿಯ ಮುಂದೆ ನಿಂತ ಗಿರಾಕಿ ಯಾರಾದರೂ "ಬ್ಯಾಟ್ರಿ ಜಲ್ದಿ ಕೊಡ್ರಿ" ಅಂದನೋ, ಮುಗಿಯಿತು. ಒಳಗಿನಿಂದ ಒಂದು ಹೆಣ್ಣು ದನಿ ಬರುತ್ತದೆ.

"ಜಲ್ದಿ ಬೇಕಂದ್ರ ಬಜಾರಕ್ಕ ಹೋಗ್ರಿ. ಇಲ್ಲಿ ಸಂಬಂಧ ಕೂಡ್ಸೋ ಕೆಲ್ಸ ನಡದೈತಿ. ಮಗಳ ಮದುವಿ ಮಾಡಬೇಕಾದ್ರ ಹಿಂಗ ಜಲ್ದಿ ಮಾಡ್ತೀರೇನು?"

ಅವಳೇ ಯಮನೂರಮ್ಮ. ಸಾಲಗುಂದದವಳು, ಕುರಿ ಕಾಯುವ ಬೀರಲಿಂಗನ ಹೆಂಡತಿ. ವಯಸ್ಸು ಕೇಳಿದರೆ ಸಿಟ್ಟು ಮಾಡಿಕೊಳ್ಳುತ್ತಾಳೆ, ನಲವತ್ತು ದಾಟಿದೆ ಅಂತಷ್ಟೇ ಇಟ್ಟುಕೊಳ್ಳಿ. ಅವಳನ್ನು ವಿನಯವಂತೆ ಎಂದು ಯಾರಾದರೂ ಬರೆದರೆ ಊರಿಗೆ ಊರೇ ಬಿದ್ದು ಬಿದ್ದು ನಗುತ್ತದೆ. ತಾನು ಕಟ್ಟಿದ ಬ್ಯಾಟರಿಯ ಬಗ್ಗೆ ಹೇಳಲು ಕೂತರೆ ಎದುರಿನವನ ಚಹಾ ಆರಿ ಕೆನೆಗಟ್ಟುತ್ತದೆ. ಆದರೆ ಒಂದು ಮಾತು: ಲಿಂಗಸುಗೂರು ಕಡೆಯ ತೊಗರಿ ರೈತರು ನಡುವೆ ಸಿಗುವ ಅಂಗಡಿಗಳನ್ನೆಲ್ಲ ದಾಟಿಕೊಂಡು, ಬಸ್ಸಿನಲ್ಲಿ ಪಂಪನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಹತ್ತಿರವೇ ಬರುತ್ತಾರೆ. ಬೈಸಿಕೊಂಡೂ ಬರುತ್ತಾರೆ. ಸುಮ್ಮನೆ ಬರುತ್ತಾರೆಯೇ?

ಮೊದಲಿಗೆ ಅವಳ ಕೈಯಲ್ಲಿ ಇದ್ದದ್ದು ಬ್ಯಾಟರಿಯ ಸೆಲ್ಲಲ್ಲ, ಭತ್ತದ ಸಸಿ. ಸಾಲಗುಂದದ ನಾಟಿ ಹೆಂಗಸರ ಗುಂಪಿಗೆ ಅವಳೇ ಮೇಸ್ತ್ರಿ. ನಾಟಿ ನೋಡಿದವರಿಗೆ ಗೊತ್ತು: ಹೆಂಗಸರು ಗದ್ದೆಯ ಉದ್ದಕ್ಕೂ ಒಬ್ಬರ ಪಕ್ಕ ಒಬ್ಬರು ಬಾಗಿ ನಿಂತು, ಸಸಿ ಊರುತ್ತ ಊರುತ್ತ ಹಿಂದೆ ಸರಿಯುತ್ತಾರೆ. ಸಾಲು ಸೊಟ್ಟಗಾಗಬಾರದು, ಯಾರೂ ಹಿಂದೆ ಬೀಳಬಾರದು. ಇದಕ್ಕೆ ಮೇಸ್ತ್ರಿಯಾದವಳು ಮಾಡುವ ಉಪಾಯ ತೀರ ಹಳೆಯದು. ಕೈ ನಿಧಾನದವಳ ಪಕ್ಕಕ್ಕೆ ಕೈ ಚುರುಕಿನವಳನ್ನು ನಿಲ್ಲಿಸುವುದು. ಮುದುಕಿ ಎರಡು ಮಾರು ಹಚ್ಚುವಷ್ಟರಲ್ಲಿ ಪಕ್ಕದವಳು ತನ್ನದನ್ನೂ ಮುಗಿಸಿ, ಮುದುಕಿಯ ಪಾಲಿನಲ್ಲೂ ಅರ್ಧ ಹಚ್ಚಿಬಿಡುತ್ತಾಳೆ. ಮುದುಕಿಯ ಕೂಲಿ ಉಳಿಯಿತು, ಸಾಲೂ ನೆಟ್ಟಗೆ ಉಳಿಯಿತು. ಯಮನೂರಮ್ಮನ ಗುಂಪಿನಲ್ಲಿ ಆ ಚುರುಕು ಕೈ ಆದಮ್ಮನದು. ಆದಮ್ಮ ಅವಳ ಓಣಿಯವಳೇ. ಇಬ್ಬರೂ ಒಂದೇ ವರ್ಷ ಸೊಸೆಯರಾಗಿ ಬಂದವರು. ಜಗಳವಾಡದೆ ಇಬ್ಬರಿಗೂ ರೊಟ್ಟಿ ಇಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಯಮನೂರಮ್ಮನ ಎಡ ಮೊಣಕಾಲು ಕೈಕೊಟ್ಟಿತು. ಕೆಸರಿನಲ್ಲಿ ಬಾಗಿ ಬಾಗಿ ಸವೆದ ಕೀಲು, ಯಾವ ಮುಲಾಮಿಗೂ ಬಗ್ಗಲಿಲ್ಲ. ದವಾಖಾನೆಯವರು "ಇನ್ನ ಗದ್ದಿಗೆ ಇಳಿಬ್ಯಾಡ" ಎಂದರು. ಮೇಸ್ತ್ರಿಯಾಗಿ ಬದುವಿನ ಮೇಲೆ ಕೂತು ಬರೀ ಬಾಯಿ ಮಾಡುವುದು ಅವಳಿಗೂ ನಾಚಿಕೆ. ಅದೇ ಕಾಲಕ್ಕೆ ಹೆಂಗಸರ ಗುಂಪುಗಳು ನಾಟಿಯ ಜೊತೆ ಔಷಧ ಹೊಡೆಯುವ ಕೆಲಸವನ್ನೂ ಹಿಡಿಯತೊಡಗಿದ್ದವು. ಕೈಯಿಂದ ಗಾಳಿ ಹೊಡೆಯುವ ಪಂಪು ಹೋಗಿ ಬ್ಯಾಟರಿ ಪಂಪು ಬಂದಿತ್ತಲ್ಲ. ಗುಂಪಿನ ಕೆಟ್ಟ ಪಂಪುಗಳನ್ನು ಬಂದೇಸಾಬನ ಅಂಗಡಿಗೆ ಹೊತ್ತು ತರುವ ಕೆಲಸ ಯಮನೂರಮ್ಮನದಾಯಿತು. ತಂದವಳು ಕೂತಳು, ಕೂತವಳು ನೋಡಿದಳು, ನೋಡಿದವಳು ಸುಮ್ಮನಿರಬೇಕಲ್ಲ? "ಅದಕ್ಯಾಕ ಅಲ್ಲಿ ಬೆಸುಗಿ ಹಾಕ್ದಿ, ಇಲ್ಲಿ ಹಾಕು" ಎಂದು ಮೂಗು ತೂರಿಸಿದಳು.

ಬಂದೇಸಾಬ ಸಮಾಧಾನದ ಮನುಷ್ಯ. "ನೀನ ಹಾಕವಾ ಹಂಗಾರ" ಎಂದು ಬೆಸುಗೆಯ ಕಡ್ಡಿಯನ್ನು ಅವಳ ಕೈಗೇ ಕೊಟ್ಟ. ಸಸಿಯ ಬೇರು ಮುರಿಯದಂತೆ ಊರಿದ ಕೈ ಅದು, ಒಂದೇ ವಾರದಲ್ಲಿ ಅವನಿಗಿಂತ ನೀಟಾಗಿ ಬೆಸೆಯತೊಡಗಿತು. ಹಳ್ಳಿಯ ಗದ್ದೆಯಲ್ಲಿ ನಿಂತುಹೋಗಿದ್ದ ಅವಳ ದುಡಿಮೆ ಸಿಂಧನೂರಿನ ಟೇಬಲ್ಲಿನ ಮೇಲೆ ಮತ್ತೆ ಶುರುವಾಯಿತು. ಬಂದೇಸಾಬ ಅವಳಿಗೊಂದು ಸ್ಟೂಲು ಹಾಕಿಸಿಕೊಟ್ಟ. ನೆಟ್ಟಗೆ ಕೂತು ಮಾಡುವ ಕೆಲಸ! ಮೊಣಕಾಲಿಗೂ ಆರಾಮ, ಬಾಯಿಗೂ ಗಿರಾಕಿಗಳು ಸಿಕ್ಕರು.

ಆ ಪಂಪಿನ ಬ್ಯಾಟರಿಯೊಳಗೆ ಹೆಬ್ಬೆರಳಿಗಿಂತ ದಪ್ಪನೆಯ ಮೂರು ಲಿಥಿಯಂ ಸೆಲ್ಲುಗಳು ಇರುತ್ತವೆ. ಒಂದರ ಬಾಲಕ್ಕೆ ಇನ್ನೊಂದರ ತಲೆ ಬೆಸೆದು ಸಾಲಾಗಿ ಕಟ್ಟಿರುತ್ತಾರೆ. ಮೂರರಲ್ಲಿ ಒಂದು ಸೋತರೂ ಬ್ಯಾಟರಿ ನಿಲ್ಲುತ್ತದೆ. ಆಗ ಎಲ್ಲರೂ ಮಾಡುತ್ತಿದ್ದದ್ದು ಒಂದೇ, ಸತ್ತದ್ದನ್ನು ತೆಗೆದು ಆ ಜಾಗಕ್ಕೆ ಕೈಗೆ ಸಿಕ್ಕಿದ್ದೊಂದನ್ನು ಕೂರಿಸುವುದು. ಬಂದೇಸಾಬನೂ ಹಾಗೇ ಮಾಡುತ್ತಿದ್ದ. ಯಮನೂರಮ್ಮ ಅದಕ್ಕೊಂದು ಹೆಜ್ಜೆ ಮುಂದೆ ಹೋದಳು. ಸೋತ ಸೆಲ್ಲುಗಳನ್ನು ಎಸೆಯಲು ಅವಳಿಗೆ ಮನಸ್ಸು ಬರಲಿಲ್ಲ. ಇನ್ನೂ ಜೀವ ಇದೆಯಲ್ಲ! ಮುದುಕಿಯ ಪಕ್ಕ ಚುರುಕಿನವಳನ್ನು ನಿಲ್ಲಿಸಿದರಾಯಿತು. ಎರಡು ಹೊಸ ಸೆಲ್ಲು, ನಡುವೆ ಒಂದು ಹಳೆಯದು. ಹೊಸವು ಹಳೆಯದನ್ನು ಎಳೆದುಕೊಂಡು ಹೋಗುತ್ತವೆ ಎಂದುಕೊಂಡಳು. ನಾಟಿಯಲ್ಲಿ ಇಷ್ಟು ವರ್ಷ ಮಾಡಿದ್ದು ಅದನ್ನೇ ಅಲ್ಲವೇ?

ಹಾಗೆ ಕಟ್ಟಿದ ಮೊದಲ ಬ್ಯಾಟರಿಯನ್ನು ಆದಮ್ಮನಿಗೇ ಕೊಟ್ಟಳು. ಅದು ಪಂಪನ್ನು ಮತ್ತೆ ಮತ್ತೆ ನಿಲ್ಲಿಸುತ್ತಿತ್ತು. ಒಳಗೊಂದು ಸಣ್ಣ ಕಾವಲು ಬೋರ್ಡು ಇರುತ್ತದೆ. ಯಾವುದಾದರೂ ಸೆಲ್ಲು ಮಿತಿಗಿಂತ ಕೆಳಗಿಳಿದರೆ ಕರೆಂಟು ಕಡಿದುಹಾಕುವುದು ಅದರ ಕೆಲಸ. "ಈ ಬೋರ್ಡ ಕೆಟ್ಟೈತಿ, ಸುಮ್ಮಸುಮ್ಮನ ಅಡ್ಡ ಬರಾಕತ್ತೈತಿ" ಎಂದು ಯಮನೂರಮ್ಮ, ಬಂದೇಸಾಬ ಊಟಕ್ಕೆ ಹೋದ ಹೊತ್ತು ನೋಡಿ, ಅದನ್ನು ಕಿತ್ತು ತಂತಿಯನ್ನು ನೇರ ಬೆಸೆದಳು. ಅಯ್ಯೋ, ಅದು ಕೆಟ್ಟಿರಲಿಲ್ಲ. ಕೂಗಿ ಕೂಗಿ ಹೇಳುತ್ತಿತ್ತು, ಇವಳು ಅದರ ಬಾಯಿ ಮುಚ್ಚಿಸಿದಳು.

ವಳಕಮದಿನ್ನಿಯ ಕಾಲುವೆ ಪಕ್ಕದ ಗದ್ದೆಯಲ್ಲಿ, ಬಿಸಿಲು ಏರಿದ ಹೊತ್ತಿನಲ್ಲಿ ಅದಾಯಿತು. ಆದಮ್ಮ ಪಂಪು ಹೊತ್ತು ಔಷಧ ಹೊಡೆಯುತ್ತಿದ್ದಳು. ಮೊದಲು ಸೊಂಟ ಬೆಚ್ಚಗಾಯಿತು, ಬಿಸಿಲಿಗೆ ಎಂದುಕೊಂಡಳು. ಆಮೇಲೆ ಚುರುಗುಟ್ಟಿತು. ಆಮೇಲೆ ಬೆನ್ನ ಹಿಂದಿನಿಂದ ಹೊಗೆ! "ಯವ್ವಾ ಸತ್ನ್ಯೋ" ಎಂದು ಕಿರುಚಿ ಪಂಪನ್ನು ಕಿತ್ತೆಸೆದು ನೀರಿಗೆ ಬಿದ್ದಳು. ಪಂಪು ಕೆಸರಿನಲ್ಲಿ ಕೂತು ಬುಸುಗುಟ್ಟಿತು. ಜೀವಕ್ಕೆ ಏನೂ ಆಗಲಿಲ್ಲ, ಆದರೆ ಸೊಂಟದ ಮೇಲೆ ಅಂಗೈಯಗಲ ಸುಟ್ಟು ಬೊಬ್ಬೆ ಎದ್ದಿತು. ಅದು ಮಾಯ್ದ ಮೇಲೂ ಕಲೆ ಉಳಿಯಿತು.

ಯಮನೂರಮ್ಮ ಓಡಿಹೋಗಿ ಆದಮ್ಮನ ಕಾಲು ಹಿಡಿದಳು. ಅಳುವುದು ಅವಳಿಗೆ ಬಾರದ ವಿದ್ಯೆ, ಅಂದು ಮಾತ್ರ ಬಂತು. ಆದಮ್ಮ ಮುಖ ತಿರುಗಿಸಿದಳು.

"ಮಾತು ಬ್ಯಾಡ. ನೀ ಬೇಕಂತ ಮಾಡಿಲ್ಲ, ನನಗ ಗೊತ್ತೈತಿ. ಆದ್ರ ನಿನ್ನ ಬ್ಯಾಟ್ರಿ ಇನ್ನ ನನ್ನ ಬೆನ್ನಿಗೆ ಬರೂದಿಲ್ಲ. ನಾ ಸತ್ತ ಮ್ಯಾಲ ಬೇಕಾರ ಕಟ್ಟು."

ಗುಂಪಿನ ಉಳಿದವರೂ ಅದನ್ನೇ ಅಂದರು. ಊರವರು ಬಿಡುತ್ತಾರೆಯೇ? "ಪಟಾಕಿ ಯಮನೂರಿ" ಎಂದು ಹೆಸರಿಟ್ಟರು. ಬಸ್ಸು ಹತ್ತಿದರೆ "ಪಟಾಕಿ ಬಂತು, ಸರೀರಿ" ಎನ್ನುವವರು, ಚಹಾದಂಗಡಿಯಲ್ಲಿ "ಬೀಡಿ ಆರ್ಸ್ರಿ" ಎನ್ನುವವರು. ಅವರ ಬಾಯಿಗೆ ಹುಳ ಬೀಳಲಿ! ಅವಳೂ ಸರಿಯಾಗಿಯೇ ತಿರುಗಿ ಬೈದಳು. ಆದರೆ ಒಳಗೆ ಒಂದೇ ಮಾತು ಕೊರೆಯುತ್ತಿತ್ತು. ಬೇರೆಯವರು ಏನಾದರೂ ಅನ್ನಲಿ, ಆದಮ್ಮ ತನ್ನ ಕೈಯ ಬ್ಯಾಟರಿಯನ್ನು ಮತ್ತೊಮ್ಮೆ ಬೆನ್ನಿಗೆ ಹಾಕಿಕೊಳ್ಳಬೇಕು. ಅದಾಗದಿದ್ದರೆ ಬಂದೇಸಾಬನ ಸ್ಟೂಲಿನ ಮೇಲೆ ಕೂರಲು ತನಗೆ ಮುಖವಿಲ್ಲ. ಗದ್ದೆಗೆ ಹಿಂದಿರುಗಲು ಮೊಣಕಾಲಿಲ್ಲ. ಮತ್ತೆಲ್ಲಿಗೆ ಹೋಗುವುದು?

"ಯಾಕ ಹಳೇದು ಹಾಕ್ದಿ?" ಎಂದು ಬಂದೇಸಾಬ ಕೇಳಿದ. ಬೈಯಲಿಲ್ಲ, ಅದೇ ಇನ್ನಷ್ಟು ಚುಚ್ಚಿತು.

"ಹೊಸಾವು ಕೈ ಹಚ್ತಾವ ಅನ್ಕೊಂಡೆ."

"ನಾನೂ ಕೈಗೆ ಸಿಕ್ಕಿದ್ದ ಹಾಕ್ತೀನಿ. ಇಷ್ಟು ದಿನ ಸುಡಲಿಲ್ಲ, ಬೋರ್ಡ ಇತ್ತು ಅಂತ. ಆದ್ರ ನಾ ಹಾಕಿದ್ದೂ ಬಾಳಿಕಿ ಬರೂದಿಲ್ಲ. ಯಾಕಂತ ಮಾತ್ರ ನನಗೂ ತಿಳಿದಿಲ್ಲ."

ಯಾಕೆಂದು ತಿಳಿದದ್ದು ಎರಡನೇ ಬೆಳೆಯ ನಾಟಿಯ ಹೊತ್ತಿಗೆ, ಚಳಿ ಇನ್ನೂ ಇತ್ತು. ಯಮನೂರಮ್ಮ ಸಾಲಗುಂದದ ಕಾಲುವೆಯ ಏರಿಯ ಮೇಲೆ ಸುಮ್ಮನೆ ಬಂದು ನಿಂತಿದ್ದಳು. ನಾಟಿಯ ಕಾಲಕ್ಕೆ ಮನೆಯಲ್ಲಿ ಕೂತರೆ ಅವಳಿಗೆ ಮೈ ಕಡಿಯುತ್ತದೆ. ಅವಳ ಹಳೆಯ ಗುಂಪು ತಲೆಯ ಮೇಲೆ ಸಸಿಯ ಕಟ್ಟು ಹೊತ್ತು ಬದುವಿನ ಮೇಲೆ ಬರುತ್ತಿತ್ತು. ಬದು ಎಂದರೆ ಒಂದೇ ಪಾದದ ದಾರಿ, ಒಬ್ಬರ ಹಿಂದೆ ಒಬ್ಬರೇ ನಡೆಯಬೇಕು. ನಡುವೆ ಮುದುಕಿ ಪೀರ್‌ಬೀ, ಅವಳ ಹಿಂದೆ ಆದಮ್ಮ. ಪೀರ್‌ಬೀಯ ಹೆಜ್ಜೆ ಸಣ್ಣದು. ಮುಂದಿನವರು ಮುಂದೆ ಹೋದರು, ಹಿಂದಿನವರು ಒತ್ತರಿಸಿ ಬಂದರು. "ನಡಿ ಚಾಚಿ, ನಡಿ" ಎಂದು ಆದಮ್ಮ ಅವಸರ ಮಾಡಿದ್ದೇ ತಡ, ಪೀರ್‌ಬೀ ಕಾಲು ಜಾರಿ ಸಸಿಯ ಕಟ್ಟಿನ ಸಮೇತ ಕೆಸರಿನಲ್ಲಿ ಕೂತಳು. ಎಲ್ಲರೂ ನಕ್ಕರು. ಪೀರ್‌ಬೀಯೂ ಬೈಯುತ್ತಲೇ ನಕ್ಕಳು.

ಆಮೇಲೆ ಗದ್ದೆಗಿಳಿದರು. ಅಡ್ಡಸಾಲಾಗಿ ನಿಂತರು. ಪೀರ್‌ಬೀಯ ಪಕ್ಕ ಅದೇ ಆದಮ್ಮ ನಿಂತು, ತನ್ನದನ್ನು ಹಚ್ಚಿ ಮುದುಕಿಯ ಪಾಲನ್ನೂ ಹಚ್ಚಿದಳು. ಮುದುಕಿ ಹಾಡು ಗುನುಗುತ್ತ ಆರಾಮವಾಗಿ ಹಿಂದೆ ಸರಿದಳು.

ಯಮನೂರಮ್ಮ ಕಾಲುವೆಯ ಮೇಲೆ ಕಲ್ಲಾದಳು. ಅದೇ ಪೀರ್‌ಬೀ, ಅದೇ ಆದಮ್ಮ. ಪಕ್ಕ ಪಕ್ಕ ನಿಂತರೆ ಬಲದವಳು ಬಲವಿಲ್ಲದವಳನ್ನು ಕಾಯುತ್ತಾಳೆ. ಒಬ್ಬರ ಹಿಂದೆ ಒಬ್ಬರು ನಡೆದರೆ ಅದೇ ಬಲ ಅವಳನ್ನು ಕೆಸರಿಗೆ ತಳ್ಳುತ್ತದೆ. ಬದುವಿನ ಮೇಲೆ ಒಬ್ಬರ ಹೆಜ್ಜೆಯನ್ನು ಇನ್ನೊಬ್ಬರು ಇಡಲಾಗದು, ಎಲ್ಲರೂ ಒಂದೇ ಸಮ ನಡೆಯಬೇಕು. ಪಂಪಿನ ಸೆಲ್ಲುಗಳು ಗದ್ದೆಯಲ್ಲಿ ನಿಂತವಲ್ಲ, ಬದುವಿನ ಮೇಲೆ ನಡೆಯುವಂಥವು. ಒಂದರ ಬಾಲಕ್ಕೆ ಇನ್ನೊಂದರ ತಲೆ! ಹೊಸವೆರಡೂ ಸೇರಿ ಹಳೆಯದನ್ನು ಖಾಲಿಯಾದ ಮೇಲೂ ನಡೆ ನಡೆ ಎಂದು ನೂಕಿವೆ, ಅದು ಸುಟ್ಟಿದೆ.

"ಹೌದಲ್ಲಬೇ! ನಾನೆಂಥಾ ಹುಚ್ಚಿ!" ಎಂದು ಕಾಲುವೆಯ ಮೇಲೆ ಒಬ್ಬಳೇ ಕೂಗಿದಳು. ಗದ್ದೆಯಲ್ಲಿ ಆದಮ್ಮ ತಲೆ ಎತ್ತಿ ನೋಡಿ ಮತ್ತೆ ಬಾಗಿದಳು. ಯಮನೂರಮ್ಮ ಕುಂಟುತ್ತಲೇ ಬಸ್ಸಿಗೆ ಓಡಿದಳು.

ಬಂದೇಸಾಬ ಎಲ್ಲವನ್ನೂ ಕೇಳಿ ಗಡ್ಡ ನೀವಿಕೊಂಡ. "ಅಂದ್ರ ಹೊಸಾ ಸೆಲ್ಲಿನ ತಪ್ಪಿಲ್ಲ, ಹಳೇದ್ರ ತಪ್ಪೂ ಇಲ್ಲ."

"ಕೂಡ್ಸಿದಾಕಿ ತಪ್ಪು. ಮೂರೂ ಬರೋಬ್ಬರಿ ಇರಬೇಕು ಸಾಬ. ಮುದುಕರಾದ್ರ ಮೂವರೂ ಮುದುಕರ ಇರ್ಲಿ, ಒಂದ ಹೆಜ್ಜಿಲೆ ನಡೀತಾರ."

"ಬರೋಬ್ಬರಿ ಅಂತ ಹೆಂಗ ಗೊತ್ತಾಗ್ತೈತಿ? ಎಲ್ಲಾವೂ ಮ್ಯಾಲ ಒಂದ ಥರ ಕಾಣ್ತಾವ."

"ನಡಿಸಿ ನೋಡೂದು."

ಆ ಬೇಸಿಗೆಯಿಡೀ ಅವಳು ಸೆಲ್ಲುಗಳನ್ನು ನಡೆಸಿ ನೋಡಿದಳು. ಮಸ್ಕಿಯಲ್ಲಿ ಗುಜರಿ ಅಂಗಡಿ ಇಟ್ಟಿರುವ ಹುಸೇನ್‌ಬೀಯ ಹತ್ತಿರದಿಂದ ಹಳೆಯ ಲ್ಯಾಪ್‌ಟಾಪ್, ಬ್ಯಾಟರಿ ಗಾಡಿಗಳಿಂದ ತೆಗೆದ ಸೆಲ್ಲುಗಳನ್ನು ಚೀಲದಲ್ಲಿ ತಂದು ಕೈ ಪಳಗಿಸಿಕೊಂಡಳು. ಉಬ್ಬಿದ್ದು, ತಗ್ಗು ಬಿದ್ದದ್ದು ಕಂಡರೆ ಅಲ್ಲೇ ಬಿಟ್ಟು ಬರುತ್ತಿದ್ದಳು. ಆಮೇಲೆ ಬಂದೇಸಾಬ ಹೊಸ ಸೆಲ್ಲುಗಳ ಪೆಟ್ಟಿಗೆ ತರಿಸಿದ. ಬೆಳಿಗ್ಗೆ ಎಲ್ಲವನ್ನೂ ತುಂಬ ಚಾರ್ಜು ಮಾಡಿ, ಟೇಬಲ್ಲಿನ ಮೇಲೆ ಸಾಲಾಗಿಟ್ಟು, ಪ್ರತಿಯೊಂದಕ್ಕೂ ಒಂದೇ ಬಗೆಯ ಟಾರ್ಚಿನ ಬಲ್ಬು ಕಟ್ಟುತ್ತಿದ್ದಳು. ಮೀಟರು ಹಿಡಿದು, ಯಾವುದು ಎಷ್ಟು ಹೊತ್ತಿಗೆ ಸೋತು ಕೆಳಗಿನ ಗೆರೆ ಮುಟ್ಟುತ್ತದೆಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಒಟ್ಟಿಗೆ ಸೋತವು ಒಂದು ಗುಂಪು. ಅಷ್ಟಕ್ಕೇ ಬಿಡುವಳೇ? ಅವನ್ನು ಮತ್ತೆ ತುಂಬಿಸಿ, ಏನೂ ಕೆಲಸ ಕೊಡದೆ ಕಪಾಟಿನಲ್ಲಿ ಕೂರಿಸಿದಳು. ಕೆಲವು ಕೂತಲ್ಲೇ ಸೋರಿಹೋದವು. "ಸುಮ್ಮನ ಕುಂತ್ರೂ ದಣಿಯೋವು ಇವು, ನಮ್ಮ ಮನ್ಯಾವ್ರಂಗ" ಎಂದು ಅವನ್ನು ಬದಿಗೆ ಸರಿಸಿದಳು. ಉಳಿದವಕ್ಕೆ ಭಾರ ಹಾಕಿ, ಕೈಯಿಟ್ಟು, ಯಾವುದು ಜಾಸ್ತಿ ಬಿಸಿಯಾಗುತ್ತದೆಂದು ನೋಡಿದಳು. ಒಂದೇ ಪೆಟ್ಟಿಗೆಯಿಂದ, ಒಂದೇ ದಿನ ಬಂದ ಹೊಸ ಸೆಲ್ಲುಗಳೂ ಒಂದೇ ಅಲ್ಲ ಎಂದು ಕಂಡಾಗ ಬಂದೇಸಾಬ ಬಾಯಿ ತೆರೆದುಕೊಂಡು ನಿಂತ.

ಸರಿ, ಸಮ ಸಮ ಇರುವ ಮೂರನ್ನು ಹುಡುಕಿದ್ದಾಯಿತು. ಅವು ಮತ್ತೆ ಬೆರೆತುಹೋದರೆ? ಅದಕ್ಕೆ ದಾರಿ ಹೇಳಿದವನು ಸುಮ್ಮನೆ ಕೂತರೂ ದಣಿಯುವ ಬೀರಲಿಂಗನೇ. ಕಂಬಳಿ ಹೊದ್ದು ಕೂತಿದ್ದವನು ಅಂದ: "ಕುರಿ ಬ್ಯಾರೇರ ಹಿಂಡಿನ್ಯಾಗ ಕೂಡಬಾರ್ದಂತ ನಾವು ಬಣ್ಣ ಹಚ್ಚೂದಿಲ್ಲೇನು? ನೀನೂ ಹಚ್ಚು."

ಮಗಳು ಜ್ಯೋತಿಯ ಉಗುರುಬಣ್ಣದ ಸೀಸೆಗಳೆಲ್ಲ ಅಂಗಡಿ ಸೇರಿದವು. ಜ್ಯೋತಿ ಊಟ ಬಿಟ್ಟು ಕೂತರೂ ವಾಪಸು ಸಿಗಲಿಲ್ಲ. ಮೂರು ಸೆಲ್ಲಿಗೂ ಒಂದೇ ಬಣ್ಣದ ಚುಕ್ಕಿ. ಕೆಂಪು ಕೆಂಪಿನ ಜೊತೆಗೇ ತುಂಬಬೇಕು, ಕೆಂಪಿನ ಜೊತೆಗೇ ಖಾಲಿಯಾಗಬೇಕು. ಒಂದು ಸತ್ತರೆ ಮೂರೂ ಪಂಪಿನಿಂದ ಆಚೆ. ಕಾವಲು ಬೋರ್ಡನ್ನಂತೂ ಈಗ ಅವಳು ದೇವರ ಹಾಗೆ ಕೂರಿಸುತ್ತಿದ್ದಳು. ಮುಂಗಾರು ಬರುವ ಹೊತ್ತಿಗೆ ಕಪಾಟಿನ ತುಂಬ ಬಣ್ಣಬಣ್ಣದ ಬ್ಯಾಟರಿಗಳು ಕೂತವು. ಆದರೆ ಒಂದನ್ನೂ ಯಾರೂ ಕೊಳ್ಳಲಿಲ್ಲ. ಪಟಾಕಿ ಯಮನೂರಿಯ ಬ್ಯಾಟರಿಯನ್ನು ಬೆನ್ನಿಗೆ ಕಟ್ಟುವ ಧೈರ್ಯ ಯಾರಿಗಿದೆ?

ಭತ್ತ ತೆನೆ ಕಟ್ಟುವ ಹೊತ್ತಿಗೆ ದೋಮಿ ಬಿದ್ದಿತು. ಬುಡದಲ್ಲಿ ಕೂತು ರಸ ಹೀರುವ ಕಂದು ಹುಳಕ್ಕೆ ಕಾಲುವೆಯ ಸೀಮೆಯಲ್ಲಿ ಹಾಗೆನ್ನುತ್ತಾರೆ. ಇಂದು ಹಸಿರಾಗಿದ್ದ ಗದ್ದೆಯಲ್ಲಿ ನಾಳೆ ಬೆಂಕಿ ಹಚ್ಚಿದ ಹಾಗೆ ದುಂಡನೆಯ ಸುಟ್ಟ ಕಲೆ. ಮೇಲಿಂದ ಔಷಧ ಹೊಡೆದರೆ ತಾಗುವುದಿಲ್ಲ. ಪೈರನ್ನು ಸರಿಸಿ, ಬುಡಬುಡಕ್ಕೂ ಹೊಡೆಯಬೇಕು. ನಿಧಾನದ ಕೆಲಸ, ಪಂಪು ಬಿಡುವಿಲ್ಲದೆ ನಡೆಯಬೇಕು. ಊರೂರಲ್ಲಿ ಪಂಪುಗಳು ಒಮ್ಮೆಲೇ ಎದ್ದವು, ವರ್ಷವಿಡೀ ಮೂಲೆಯಲ್ಲಿ ಬಿದ್ದ ಬ್ಯಾಟರಿಗಳು ಒಮ್ಮೆಲೇ ಕೈ ಚೆಲ್ಲಿದವು. ಬಂದೇಸಾಬನ ಅಂಗಡಿಯಲ್ಲಿದ್ದ ಕಂಪನಿ ಬ್ಯಾಟರಿಗಳೆಲ್ಲ ಒಂದೇ ಬೆಳಿಗ್ಗೆ ಖಾಲಿ.

ಮುಕ್ಕುಂದದ ಗಾದಿಲಿಂಗ ಪಿಕಪ್ ಗಾಡಿಯಲ್ಲಿ ಧೂಳೆಬ್ಬಿಸಿಕೊಂಡು ಬಂದ. ದೊಡ್ಡ ದನಿಯ ರೈತ. "ಸಾಬ, ಬ್ಯಾಟ್ರಿ ಕೊಡು. ಹೆಣ್ಮಕ್ಕಳು ಬದುವಿನ ಮ್ಯಾಲ ಕುಂತಾರ, ಪಂಪು ಎರಡನೇ ಟ್ಯಾಂಕಿಗೇ ಸತ್ತಾವ. ಇವತ್ತು ಹೊಡೀಲಿಲ್ಲಂದ್ರ ನಾಳಿಗೆ ನೆಲ್ಲು ಇರೂದಿಲ್ಲ, ಹುಲ್ಲು ಇರ್ತೈತಿ."

ಬಂದೇಸಾಬ ಕಪಾಟಿನ ಕಡೆ ತೋರಿಸಿದ. ಗಾದಿಲಿಂಗ ಬಣ್ಣದ ಚುಕ್ಕಿಗಳನ್ನು ನೋಡಿದ, ಸ್ಟೂಲಿನ ಮೇಲೆ ಕೂತವಳನ್ನು ನೋಡಿದ. "ಏ, ಪಟಾಕಿ ಯಮನೂರಿವಾ? ದೋಮಿ ನನ್ನ ನೆಲ್ಲು ಸುಡಾಕತ್ತೈತಿ, ನೀ ಬಂದು ಹೆಣ್ಮಕ್ಕಳ್ನೂ ಸುಡಬೇಕಂತಿಯೇನು?"

ಯಮನೂರಮ್ಮ ಎದ್ದು ನಿಂತಳು. "ಯಾವ ಹೆಣ್ಮಕ್ಕಳು?"

"ನಿಮ್ಮ ಸಾಲಗುಂದದವ್ರ. ಆದಮ್ಮನ ಗುಂಪು."

ಆದಮ್ಮನ ಹೆಸರು ಕೇಳಿ ಅವಳು ಕಪಾಟಿಗೆ ಕೈ ಹಾಕಿ ಬ್ಯಾಟರಿಗಳನ್ನು ಬುಟ್ಟಿಗೆ ತುಂಬತೊಡಗಿದಳು, ಒಬ್ಬೊಬ್ಬರಿಗೂ ಎರಡರಂತೆ. "ಗಾಡಿ ತಿರುಗ್ಸು ಗೌಡಾ. ಹೆಣ್ಮಕ್ಕಳು ಹೊರಲಿಲ್ಲಂದ್ರ ನಾ ಹೊರ್ತೀನಿ. ಸುಟ್ರ ಮೊದ್ಲು ನಾನ ಸುಡ್ತೀನಿ, ಆತಿಲ್ಲೋ?"

ಮುಕ್ಕುಂದದ ಗದ್ದೆಯ ಬದುವಿನ ಮೇಲೆ ಹೆಂಗಸರು ಸತ್ತ ಪಂಪುಗಳನ್ನು ಮುಂದಿಟ್ಟುಕೊಂಡು ಕೂತಿದ್ದರು. ಯಮನೂರಮ್ಮ ಬುಟ್ಟಿ ಇಳಿಸಿದಳು. ಯಾರೂ ಮೇಲೇಳಲಿಲ್ಲ. ಆದಮ್ಮ ಎಲೆ ಅಡಿಕೆ ಅಗಿಯುತ್ತ ಕಾಲುವೆಯ ಕಡೆ ನೋಡುತ್ತಿದ್ದಳು.

ಯಮನೂರಮ್ಮ ಯಾರನ್ನೂ ಬೇಡಲಿಲ್ಲ. ಕೆಂಪು ಚುಕ್ಕಿಯ ಬ್ಯಾಟರಿಯನ್ನು ಪಂಪಿಗೆ ಕೂರಿಸಿ, ಟ್ಯಾಂಕು ತುಂಬಿಸಿ, ಮುಖಕ್ಕೆ ಬಟ್ಟೆ ಸುತ್ತಿ, ಪಟ್ಟಿಗಳನ್ನು ಹೆಗಲಿಗೇರಿಸಿ, ವರ್ಷಗಳಿಂದ ಇಳಿಯದ ಕೆಸರಿಗೆ ಇಳಿದಳು. ಗುಂಡಿ ಒತ್ತಿದಳು. ಪಂಪು ಗುರ್ ಎಂದಿತು. ಪೈರು ಸರಿಸಿ ಬುಡಕ್ಕೆ ಹಿಡಿದಳು, ಹೆಜ್ಜೆ, ಮತ್ತೆ ಬುಡ, ಮತ್ತೆ ಹೆಜ್ಜೆ. ಎಡ ಮೊಣಕಾಲು ಗದ್ದೆಯ ಮೊದಲ ಮಡಿಯಲ್ಲೇ ಅರಚಿತು. ಅವಳು ಹಲ್ಲು ಕಚ್ಚಿದಳು. ಒಂದು ಟ್ಯಾಂಕು ಮುಗಿಯಿತು, ಎರಡನೆಯದು ಮುಗಿಯಿತು, ಬೇರೆ ಪಂಪುಗಳು ಸತ್ತ ಗೆರೆಯನ್ನು ಇವಳ ಪಂಪು ದಾಟಿತು. ದನಿಯಲ್ಲಿ ಒಂದಿಷ್ಟೂ ಸೋಲಿಲ್ಲ. ಬದುವಿನ ಮೇಲೆ ಹೆಂಗಸರ ಗುಸುಗುಸು ನಿಂತಿತು. ಮೂರನೆಯ ಟ್ಯಾಂಕಿನ ನಡುವೆ ಅವಳ ಮೊಣಕಾಲು ಮಡಚಿಕೊಂಡಿತು. ಕೆಸರಿನಲ್ಲಿ ಕುಸಿದು ಕೂತಳು, ಕೂತೇ ಬುಡಕ್ಕೆ ಹೊಡೆಯುತ್ತಿದ್ದಳು.

ಹಿಂದಿನಿಂದ ಪಚಪಚ ಕೆಸರು ತುಳಿಯುವ ಸದ್ದು. ಯಾರೋ ಅವಳ ಹೆಗಲಿನ ಪಟ್ಟಿ ಬಿಚ್ಚುತ್ತಿದ್ದರು.

"ಸಾಕು ಬಿಡಲೇ," ಎಂದಳು ಆದಮ್ಮ. "ಪಂಪು ನಡ್ಯಾಕತ್ತೈತಿ, ನೀನ ನಿಂತಿ. ಇದ್ದ ಎರಡು ಮೊಣಕಾಲು ಜೋಡಿ ಮಾಡಾಕಾಗ್ಲಿಲ್ಲ, ಸೆಲ್ಲು ಜೋಡಿ ಮಾಡಾಕ ಹೊಂಟಾಳ ದೊಡ್ಡಾಕಿ!"

"ನೀ... ಹೊರ್ತಿಯೇನು?"

"ಮತ್ತೇನು, ನೀ ಇಲ್ಲೇ ಹೂತುಹೋಗೂದನ್ನ ನೋಡ್ಕೋತ ಕುಂಡ್ರಲೇನು?" ಆದಮ್ಮ ಪಂಪನ್ನು ತನ್ನ ಬೆನ್ನಿಗೇರಿಸಿಕೊಂಡಳು. ಒಂದು ಗಳಿಗೆ ನಿಂತಳು. ಅವಳ ಕೈ ತಾನಾಗಿ ಸೊಂಟದ ಕಲೆಯನ್ನು ಮುಟ್ಟಿ ಬಂದದ್ದನ್ನು ಯಮನೂರಮ್ಮ ನೋಡಿದಳು. ಆಮೇಲೆ ಆದಮ್ಮ ಬದುವಿನ ಕಡೆ ತಿರುಗಿ ಕೂಗಿದಳು: "ಏನ ನೋಡಾಕತ್ತೀರಿಬೇ? ಏಳ್ರಿ! ಒಬ್ಬೊಬ್ರು ಒಂದೊಂದು ಬಣ್ಣ ಹಿಡೀರಿ!"

ಎದ್ದರು ನೋಡಿ! ಹಸಿರು, ಹಳದಿ, ನೀಲಿ, ನಸುಗೆಂಪು. ಪಂಪುಗಳು ಒಟ್ಟಿಗೆ ಗುರುಗುಟ್ಟತೊಡಗಿದವು. ಮಧ್ಯಾಹ್ನದ ರೊಟ್ಟಿಯವರೆಗೆ ಒಂದು ಸರತಿ ಬ್ಯಾಟರಿ, ರೊಟ್ಟಿಯ ಮೇಲೆ ಇನ್ನೊಂದು ಸರತಿ. ಒಂದೂ ನಡುದಾರಿಯಲ್ಲಿ ನಿಲ್ಲಲಿಲ್ಲ. ಆದಮ್ಮ ಮಾತ್ರ ಬುಟ್ಟಿಯಲ್ಲಿದ್ದ ಕೆಂಪು ಚುಕ್ಕಿಯ ಎರಡನೆಯ ಬ್ಯಾಟರಿಯನ್ನೇ ಕೇಳಿ ಹಾಕಿಸಿಕೊಂಡಳು. ಯಮನೂರಮ್ಮ ಬದುವಿನ ಮೇಲೆ ಕಾಲು ಚಾಚಿ ಕೂತು, ಮೇಸ್ತ್ರಿಯಾಗಿದ್ದಾಗ ಕೂಗುತ್ತಿದ್ದ ಹಾಗೆಯೇ ಕೂಗಿದಳು: "ಬುಡಕ್ಕ ಹಿಡೀರಿ, ಬುಡಕ್ಕ! ಮುಗಿಲಿಗಲ್ಲ!" ಅವಳಿಗಾದ ಸಂತೋಷವನ್ನು ಏನೆಂದು ಹೇಳುವುದು? ಮೊಣಕಾಲು ಬಾತು ಕುಂಬಳಕಾಯಿಯಾಗಿತ್ತು, ಅವಳಿಗೆ ಅದರ ಖಬರೇ ಇರಲಿಲ್ಲ. ಗಾದಿಲಿಂಗ ಬದುವಿನುದ್ದಕ್ಕೂ ಓಡಾಡುತ್ತ ಔಷಧದ ನೀರನ್ನು ತಾನೇ ಹೊತ್ತು ಕೊಟ್ಟ. ಹೊತ್ತು ಇಳಿಯುವಾಗ ಕೊನೆಯ ಮಡಿ ಮುಗಿಯಿತು. ಸುಟ್ಟ ಕಲೆಗಳು ಎಲ್ಲಿ ನಿಂತಿದ್ದವೋ ಅಲ್ಲೇ ನಿಂತವು. ಉಳಿದ ಗದ್ದೆ ಹಸಿರಾಗಿಯೇ ಇತ್ತು.

ಹೆಂಗಸರು ಕಾಲುವೆಯಲ್ಲಿ ಕೈಕಾಲು ಮುಖ ತೊಳೆದು ಬಂದು ಯಮನೂರಮ್ಮನ ಸುತ್ತ ನೆರೆದರು. ಆದಮ್ಮ ಪಂಪನ್ನು ಇಳಿಸಿ ಅವಳ ಮುಂದೆ ಇಟ್ಟಳು.

"ಬ್ಯಾಟ್ರಿ ತಗಿ."

"ಯಾಕ?"

"ತಗೀಬೇ."

ಯಮನೂರಮ್ಮ ಬ್ಯಾಟರಿಯನ್ನು ಹೊರತೆಗೆದು ಕೊಟ್ಟಳು. ಆದಮ್ಮ ಸೀರೆಯ ಮಗ್ಗುಲನ್ನು ಸರಿಸಿ, ಮಧ್ಯಾಹ್ನದಿಂದ ದುಡಿದ ಆ ಬ್ಯಾಟರಿಯನ್ನು ಸೊಂಟದ ಮೇಲಿನ ಸುಟ್ಟ ಕಲೆಗೆ ಒತ್ತಿ ಹಿಡಿದಳು. ಮೂರು ಸೆಲ್ಲಿನ ಮೂರು ಕಡೆಯಿಂದಲೂ ಹೊರಳಿಸಿ ಹೊರಳಿಸಿ ಒತ್ತಿದಳು. ಯಮನೂರಮ್ಮ ಬಾಯಲ್ಲಿ ಸೆರಗು ಕಚ್ಚಿಕೊಂಡು ಅವಳ ಮುಖವನ್ನೇ ನೋಡುತ್ತಿದ್ದಳು.

"ಸುಡೂದಿಲ್ಲ," ಎಂದಳು ಆದಮ್ಮ. "ಕೂಸಿನ ಮೈಯಷ್ಟು ಬೆಚ್ಚಗೈತಿ. ಮೂರೂ ಕಡಿ ಒಂದ ಸಮ."

ಯಮನೂರಮ್ಮನಿಗೆ ಮಾತು ಹೊರಡಲಿಲ್ಲ. ಹುಟ್ಟಿದಾಗಿನಿಂದ ಹೀಗಾದದ್ದು ಅದೇ ಮೊದಲು, ಹೆಂಗಸರು ಅದನ್ನು ಇವತ್ತಿಗೂ ಹೇಳಿ ನಗುತ್ತಾರೆ. ಆದಮ್ಮ ಬ್ಯಾಟರಿಯನ್ನು ಅವಳ ಮಡಿಲಿಗೆ ಹಾಕಿ, ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ಬದುವಿನ ಮೇಲೆ ಇಬ್ಬರು ಪಕ್ಕ ಪಕ್ಕ ನಡೆಯಲು ಜಾಗವಿರಲಿಲ್ಲ. ಆದಮ್ಮ ಗದ್ದೆಯ ನೀರಿಗೇ ಇಳಿದು, ಯಮನೂರಮ್ಮನ ಭಾರವನ್ನು ಹೆಗಲಿಗೆ ಹಾಕಿಕೊಂಡು, ಅವಳ ಪಕ್ಕದಲ್ಲೇ ನಡೆದಳು.

"ನಾಳೆ ವಳಕಮದಿನ್ನಿ," ಎಂದಳು ಗಾಡಿಯ ಹತ್ತಿರ ಬಂದಾಗ. "ಆ ಕಾಲುವಿ ಮಗ್ಗಲದ ಗದ್ದಿ, ನಾ ಸುಟ್ಕೊಂಡಿದ್ದು. ಅಲ್ಲೇ ಹೊಡೀಬೇಕು. ಕೆಂಪು ಚುಕ್ಕಿದು ಚಾರ್ಜಿಗೆ ಹಾಕು. ಅದನ್ನ ಬ್ಯಾರೇ ಯಾರಿಗರ ಕೊಟ್ಟೀ ಅಂದ್ರ ನೋಡು, ನಿನ್ನ ಇನ್ನೊಂದು ಮೊಣಕಾಲೂ ಮುರಿದು ಜೋಡಿ ಮಾಡ್ತೀನಿ."